ತಂದೆತಾಯಿಯ ಜೊತೆ ಹತ್ತು ದಿನ ಜಪಾನ್: ಎಷ್ಟು ಊರು, ಯಾವ ಪಾಸ್?

ಏಪ್ರಿಲ್ ಎರಡನೆಯ ವಾರದಿಂದ ಹತ್ತು ದಿನ, ನೀವಿಬ್ಬರು ಮತ್ತು ಅರವತ್ತೈದು ದಾಟಿದ ನಿಮ್ಮ ತಂದೆತಾಯಿ; ಎಲ್ಲರೂ ಸಸ್ಯಾಹಾರಿಗಳು. ಟೋಕಿಯೊ, ಸಪ್ಪೊರೊ, ಕನಜಾವಾ, ಕ್ಯೋಟೊ, ಒಸಾಕಾ, ಹಿರೋಷಿಮಾ ಆರನ್ನೂ ರೈಲಿನಲ್ಲೇ ನೋಡಬೇಕು, ಜಪಾನಿನ ಉದ್ದಗಲಕ್ಕೂ ರೈಲಿನಲ್ಲಿ ಓಡಾಡಲು ಪ್ರವಾಸಿಗರು ಕೊಳ್ಳುವ ಏಳು ದಿನದ ಜೆಆರ್ ಪಾಸ್ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಪಾಸ್ ಬೇಡ, ಆರು ಊರೂ ಬೇಡ. ಎರಡೇ ಕಡೆ ಕೋಣೆ ಹಿಡಿಯಿರಿ: ಟೋಕಿಯೊದಲ್ಲಿ ನಾಲ್ಕು ರಾತ್ರಿ, ಒಸಾಕಾದಲ್ಲಿ ಐದು ರಾತ್ರಿ.

ಇಷ್ಟು ಖಂಡಿತವಾಗಿ ಹೇಳಲು ಕಾರಣವಿದೆ. 2024ರಲ್ಲಿ ನನ್ನ ಅಮ್ಮನನ್ನು ಕರೆದುಕೊಂಡು ಹೋದಾಗ ನಾನು ಐದು ಊರುಗಳಲ್ಲಿ ಕೋಣೆ ಕಾದಿರಿಸಿದ್ದೆ. ಕನಜಾವಾದಿಂದ ಕ್ಯೋಟೊಗೆ ಹೋಗುವ ದಿನ ತ್ಸುರುಗಾದಲ್ಲಿ ಇಳಿದು ರೈಲು ಬದಲಿಸಬೇಕಿತ್ತು. ಆ ವರ್ಷ ಮಾರ್ಚ್‌ನಲ್ಲಿ ಶಿಂಕಾನ್ಸೆನ್ ಎಂಬ ಬುಲೆಟ್ ರೈಲಿನ ಮಾರ್ಗ ಅಲ್ಲಿಯವರೆಗೆ ಬಂದಿತ್ತು. ಮುಂದಕ್ಕೆ ಥಂಡರ್‌ಬರ್ಡ್ ಎಂಬ ಸಾಮಾನ್ಯ ಹಳಿಯ ರೈಲು. ಒಂದು ಮೇಲಿನ ಅಂತಸ್ತಿನಲ್ಲಿ, ಇನ್ನೊಂದು ನೆಲಮಟ್ಟದಲ್ಲಿ, ಕೈಯಲ್ಲಿ ಹತ್ತು ನಿಮಿಷವೂ ಇಲ್ಲ. ಲಿಫ್ಟ್ ಮುಂದೆ ಸಾಲು ನೋಡಿ, ಎರಡು ಸೂಟ್‌ಕೇಸ್ ಎತ್ತಿಕೊಂಡು ಎಸ್ಕಲೇಟರ್ ಕಡೆ ನಡೆದೆ. ಅಮ್ಮ ಏನೂ ಹೇಳದೆ ಹಿಂದೆ ಬಂದಳು. ರೈಲಿನಲ್ಲಿ ಕುಳಿತ ಮೇಲೆ ಎಡಗಡೆ ಕಿಟಕಿಯಲ್ಲಿ ಬಿವಾ ಸರೋವರ ಮೈಲುಗಟ್ಟಲೆ ಜೊತೆಗೇ ಬಂತು. ಅವಳು ತಲೆ ಬಗ್ಗಿಸಿ ಎರಡೂ ಕೈಯಿಂದ ಮೊಣಕಾಲು ನೀವಿಕೊಳ್ಳುತ್ತಿದ್ದಳು. ಕನಜಾವಾ ಬಹಳ ಚೆಂದದ ಊರು, ಆದರೂ ನಿಮ್ಮ ಪಟ್ಟಿಯಿಂದ ಅದನ್ನು ತೆಗೆಯಿರಿ ಎನ್ನುವುದು ಈ ಕಾರಣಕ್ಕೆ. ವಯಸ್ಸಾದವರನ್ನು ದಣಿಸುವುದು ರೈಲಿನಲ್ಲಿ ಕೂರುವುದಲ್ಲ, ಸಾಮಾನು ಕಟ್ಟಿ ಕೋಣೆ ಬಿಡುವುದು.

ಸಪ್ಪೊರೊ ವಿಷಯ ಇನ್ನೂ ಸುಲಭ. ಶಿಂಕಾನ್ಸೆನ್ ಸಪ್ಪೊರೊ ಇರುವ ಹೊಕ್ಕೈಡೊ ದ್ವೀಪ ತಲುಪಿದರೂ ಶಿನ್-ಹಕೊದಾತೆ-ಹೊಕುತೊದಲ್ಲಿ ನಿಲ್ಲುತ್ತದೆ. ಅಲ್ಲಿಂದ ಇನ್ನೊಂದು ರೈಲಿನಲ್ಲಿ ಮೂರೂವರೆ ಗಂಟೆ. ಟೋಕಿಯೊದಿಂದ ಒಟ್ಟು ಎಂಟು ಗಂಟೆ ಹಿಡಿಯುತ್ತದೆ. ಏಪ್ರಿಲ್ ಮಧ್ಯದಲ್ಲಿ ಅಲ್ಲಿ ಚೆರಿ ಹೂವೂ ಸಾಮಾನ್ಯವಾಗಿ ಅರಳಿರುವುದಿಲ್ಲ.

ಈಗ ಪಾಸ್ ಲೆಕ್ಕ. ಏಳು ದಿನದ ಜೆಆರ್ ಪಾಸ್ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿತು. ಅದಕ್ಕಿಂತ ಮೊದಲು ಬರೆದ ಸಲಹೆಗಳೆಲ್ಲ ‘ಕಣ್ಣುಮುಚ್ಚಿ ಕೊಳ್ಳಿ’ ಎನ್ನುತ್ತವೆ, ನಂಬಬೇಡಿ. ಅಷ್ಟು ಕೊಟ್ಟ ಮೇಲೂ ಅತಿ ವೇಗದ ಶಿಂಕಾನ್ಸೆನ್ ಆದ ನೊಜೊಮಿ ಹತ್ತಲು ಬೇರೆ ಹಣ ಕಟ್ಟಬೇಕು. ಟೋಕಿಯೊದಿಂದ ಒಸಾಕಾದ ಶಿಂಕಾನ್ಸೆನ್ ನಿಲ್ದಾಣವಾದ ಶಿನ್-ಒಸಾಕಾಗೆ ನೊಜೊಮಿ ಟಿಕೆಟ್ ಸುಮಾರು 14,700 ಯೆನ್, ಪ್ರಯಾಣ ಎರಡೂವರೆ ಗಂಟೆ. ಆಮೇಲೆ ಐದು ದಿನದ ಕನ್ಸಾಯ್-ಹಿರೋಷಿಮಾ ಪಾಸ್ ತೆಗೆದುಕೊಳ್ಳಿ. ನಾವು ಹೋದಾಗ 17,000 ಇತ್ತು. ಶಿನ್-ಒಸಾಕಾದಿಂದ ಹಿರೋಷಿಮಾಗೆ ಶಿಂಕಾನ್ಸೆನ್, ಕ್ಯೋಟೊ, ನಾರಾ, ಹಿಮೆಜಿ, ಕೊನೆಯ ದಿನ ಒಸಾಕಾದ ಕನ್ಸಾಯ್ ವಿಮಾನ ನಿಲ್ದಾಣಕ್ಕೆ ಹೋಗುವ ಹರುಕಾ ರೈಲು ಎಲ್ಲವೂ ಅದರಲ್ಲೇ ಆಗುತ್ತದೆ. ನಾಲ್ವರಿಗೆ ಎಪ್ಪತ್ತು ಸಾವಿರ ಯೆನ್‌ಗೂ ಹೆಚ್ಚು ಉಳಿಯುತ್ತದೆ. ಒಂದು ಎಚ್ಚರ: ಕ್ಯೋಟೊ ಮತ್ತು ಶಿನ್-ಒಸಾಕಾ ನಡುವೆ ಈ ಪಾಸ್‌ನಲ್ಲಿ ಶಿಂಕಾನ್ಸೆನ್ ಹತ್ತುವಂತಿಲ್ಲ. ಹತ್ತುವ ಅಗತ್ಯವೂ ಇಲ್ಲ, ಸಾಮಾನ್ಯ ವೇಗದೂತವೇ ಒಸಾಕಾದಿಂದ ಅರ್ಧ ಗಂಟೆಯಲ್ಲಿ ಮುಟ್ಟಿಸುತ್ತದೆ.

ವಿಮಾನ ಟಿಕೆಟನ್ನು ಟೋಕಿಯೊಗೆ ಹೋಗಿ ಒಸಾಕಾದಿಂದ ಮರಳುವಂತೆ ಒಂದೇ ಬುಕಿಂಗ್‌ನಲ್ಲಿ ಮಾಡಿಸಿ. ವಿಮಾನ ಹಿಡಿಯಲೆಂದೇ ಮತ್ತೆ ಟೋಕಿಯೊಗೆ ಬಂದರೆ ಅರ್ಧ ದಿನವೂ ತಲಾ ಹದಿನೈದು ಸಾವಿರ ಯೆನ್ನೂ ಹೋಗುತ್ತವೆ.

ದೊಡ್ಡ ಸೂಟ್‌ಕೇಸ್‌ಗಳನ್ನು ನೀವು ಹೊರಬೇಡಿ. ಟೋಕಿಯೊದ ಹೋಟೆಲ್ ಕೌಂಟರಿನಲ್ಲಿ ‘ತಕ್ಕ್ಯುಬಿನ್’ ಎಂದು ಕೇಳಿ, ಒಸಾಕಾ ಹೋಟೆಲಿನ ವಿಳಾಸ ಬರೆದುಕೊಟ್ಟರೆ ಸಾಮಾನ್ಯವಾಗಿ ಮರುದಿನ ಅಲ್ಲಿರುತ್ತವೆ. ಒಂದಕ್ಕೆ ಎರಡು ಮೂರು ಸಾವಿರ ಯೆನ್ ಆಗಬಹುದು. ಈ ಪ್ರವಾಸದಲ್ಲಿ ಇಷ್ಟು ಸಾರ್ಥಕವಾದ ಖರ್ಚು ಇನ್ನೊಂದಿಲ್ಲ. ಕೈಯಲ್ಲಿ ಒಂದು ರಾತ್ರಿಯ ಬಟ್ಟೆ, ಮಾತ್ರೆಗಳು ಇದ್ದರೆ ಸಾಕು. ರೈಲಿನಲ್ಲೇ ಒಯ್ಯುವುದಾದರೆ ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂಟಿಮೀಟರ್ ಮೀರಿದ ಸೂಟ್‌ಕೇಸ್‌ಗೆ ಅದಕ್ಕೆಂದೇ ಇರುವ ಆಸನವನ್ನು ಮೊದಲೇ ಕಾದಿರಿಸಬೇಕು.

ಹಿರೋಷಿಮಾಗೆ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು. ಮಿಯಾಜಿಮಾ ದ್ವೀಪವನ್ನೂ ಅದೇ ದಿನಕ್ಕೆ ತುರುಕಬೇಡಿ. ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ಬಾಂಬಿಗೆ ಬಲಿಯಾದ ಮಗುವೊಂದರ ಸುಟ್ಟ ಮೂರು ಚಕ್ರದ ಸೈಕಲ್ ಇದೆ. ಅದರ ಮುಂದೆ ಅಮ್ಮ ಎಷ್ಟು ಹೊತ್ತು ನಿಂತಳೋ, ನಾನು ಗಡಿಯಾರ ನೋಡಲಿಲ್ಲ. ಅಲ್ಲಿಂದ ಹೊರಬಂದವರನ್ನು ದೋಣಿಗೆ ತಡವಾಯಿತು ಎಂದು ಎಬ್ಬಿಸಿಕೊಂಡು ಹೋಗುವುದು ಸರಿಯಲ್ಲ. ನದಿಯ ದಂಡೆಯ ಬೆಂಚಿನಲ್ಲಿ ಕುಳಿತುಕೊಳ್ಳಲಿ.

ಊಟದ ಬಗ್ಗೆ: ತರಕಾರಿ ಮಾತ್ರ ಕಾಣುವ ಸಾರಿನಲ್ಲೂ ಸಾಮಾನ್ಯವಾಗಿ ‘ದಾಶಿ’ ಎಂಬ ಮೀನಿನ ತಿಳಿ ಇರುತ್ತದೆ. ಕೇಳದೆ ಉಣ್ಣಬೇಡಿ. ಮೂಲೆಮೂಲೆಯ ದಿನಸಿ ಅಂಗಡಿಗಳಲ್ಲಿ ಬಿಸಿ ಮಾಡಿ ತಿನ್ನುವ ಬಿಳಿ ಅನ್ನದ ಡಬ್ಬಿ, ಸಿಹಿಯಿಲ್ಲದ ಮೊಸರು ಸಿಗುತ್ತವೆ. ಮನೆಯಿಂದ ಒಯ್ದ ಚಟ್ನಿಪುಡಿ ಇದ್ದರೆ ರಾತ್ರಿಯ ಮೊಸರನ್ನದ ಚಿಂತೆ ಇಲ್ಲ.

ನೊಜೊಮಿ ಟಿಕೆಟ್ ಮಾರಾಟ ಒಂದು ತಿಂಗಳು ಮೊದಲು ತೆರೆಯುತ್ತದೆ. ಏಪ್ರಿಲ್ 29ರಿಂದ ಶುರುವಾಗುವ ರಜೆಯ ದಟ್ಟಣೆಗೆ ಮೊದಲೇ ನೀವು ಮರಳುವುದರಿಂದ ಗಾಬರಿ ಬೇಡ. ಆದರೆ ಬೆಳಗಿನ ರೈಲನ್ನೇ ಹಿಡಿದು, ಎರಡೇ ಆಸನಗಳಿರುವ ಡಿ-ಇ ಬದಿಯಲ್ಲಿ ಹಿಂದೆ ಮುಂದೆ ಎರಡು ಸಾಲು ತೆಗೆದುಕೊಳ್ಳಿ. ಟೋಕಿಯೊ ಬಿಟ್ಟು ಮುಕ್ಕಾಲು ಗಂಟೆಗೆ ಆಕಾಶ ತಿಳಿಯಾಗಿದ್ದರೆ ಬಲಗಡೆ ಫ್ಯೂಜಿ ಪರ್ವತ ಕಾಣುತ್ತದೆ. ಇ ಆಸನ ಕಿಟಕಿಯದು. ಅಲ್ಲಿ ನಿಮ್ಮ ತಾಯಿಯವರು ಕೂರಲಿ.

ಹೋಟೆಲ್ ಯಾವ ನಿಲ್ದಾಣದ ಹತ್ತಿರ ಹಿಡಿದಿರಿ, ತಂದೆಯವರಿಗೆ ಮೆಟ್ಟಿಲು ಹತ್ತಲು ಕಷ್ಟವೇ ಎಂದು ಬರೆಯಿರಿ. ಪ್ರತಿ ದಿನದ ರೈಲನ್ನೂ ಬದಲಿಸುವ ಜಾಗವನ್ನೂ ಗುರುತು ಹಾಕಿ ಕಳಿಸುತ್ತೇನೆ.