ಕೇಳಿದ್ದಕ್ಕೆ ಉತ್ತರ: ಹೊಸ ಶೋಧ, ನಮ್ಮೂರ ಪಸೆ

ಪ್ರಶ್ನೆ: 2025ರ ರಸಾಯನ ವಿಜ್ಞಾನದ ನೊಬೆಲ್ ಗಾಳಿಯಿಂದ ನೀರು ತೆಗೆಯುವ ಪುಡಿಗೆ ಬಂತಂತೆ. ನಮ್ಮ ಬಾವಿ ಮೇ ತಿಂಗಳಲ್ಲಿ ತಳ ಕಾಣುತ್ತದೆ, ಬೆವರು ಮಾತ್ರ ಕೊಡಪಾನಗಟ್ಟಲೆ! ಈ ಪುಡಿ ತಂದಿಟ್ಟರೆ ಬಾವಿ ಬೇಡವಾ?
– ಓದುಗರು, ಕಾಪು

ಪುಡಿ ನಿಜ. ಬಾವಿ ಬೇಡ ಅನ್ನುವುದು ಜಾಸ್ತಿ ಆಯ್ತು ಮಾರಾಯ್ರೆ. ಅದರ ಹೆಸರು ಮೆಟಲ್ ಆರ್ಗ್ಯಾನಿಕ್ ಫ್ರೇಮ್‌ವರ್ಕ್, ಚಿಕ್ಕದಾಗಿ ಎಂಒಎಫ್. ಲೋಹದ ಅಯಾನುಗಳು ಮೂಲೆಗಳು, ಇಂಗಾಲದ ಉದ್ದ ಅಣುಗಳು ತೊಲೆಗಳು, ಒಳಗೆಲ್ಲ ಖಾಲಿ ಕೋಣೆ. ಸುಸುಮು ಕಿಟಗಾವ, ರಿಚರ್ಡ್ ರಾಬ್ಸನ್, ಒಮರ್ ಯಾಘಿ ಮೂವರಿಗೂ ಬಹುಮಾನ ಬಂದದ್ದು ಈ ಕಟ್ಟಡಕ್ಕೆ. ಗಾಳಿಯ ನೀರು ಅದರ ಒಂದು ಉಪಯೋಗ ಅಷ್ಟೆ. ಯಾಘಿಯವರ ತಂಡ ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಇಟ್ಟು ನೋಡಿತು. ರಾತ್ರಿ ಪುಡಿ ತೇವ ಹೀರಿತು, ಹಗಲು ಬಿಸಿಲು ತಾಗಿದಾಗ ಬಿಟ್ಟುಕೊಟ್ಟಿತು.

ಈಗ ಒಂದು ಲೆಕ್ಕ ಹಾಕುವ. 30 ಡಿಗ್ರಿ ಸೆಕೆ, ಶೇ. 80 ತೇವ ಇದ್ದಾಗ ಒಂದು ಘನ ಮೀಟರ್ ಗಾಳಿಯಲ್ಲಿರುವ ನೀರು ಸುಮಾರು 24 ಗ್ರಾಂ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಗಾಳಿಯನ್ನು ಪೂರ್ತಿ ಹಿಂಡಿದರೂ ಮುಕ್ಕಾಲು ಲೀಟರ್ ಆಗುವುದಿಲ್ಲ. ಒಂದು ಕೊಡಪಾನಕ್ಕೆ ಎಷ್ಟು ಕೋಣೆ ಹಿಂಡಬೇಕು, ನೀವೇ ನೋಡಿ. ಮತ್ತೆ ನಮ್ಮ ಗಾಳಿಯಿಂದ ನೀರು ಇಳಿಸಲು ಈ ಪುಡಿಯೇ ಬೇಕೆಂದಿಲ್ಲ, ಎಸಿ ಪೈಪಿನ ಕೆಳಗೆ ಬಕೆಟ್ ಇಟ್ಟವರಿಗೆ ಅದು ಗೊತ್ತು. ಪುಡಿಯ ಜಾಣತನ ಇರುವುದು ಒಣ ಗಾಳಿಯಲ್ಲಿ. ನಮಗೆ ಆಸೆ ಇರುವುದು ಬೇರೆ ಕಡೆ: ಎಸಿಯ ಕರೆಂಟಿನಲ್ಲಿ ಒಂದು ಪಾಲು ತೇವ ಇಳಿಸುವುದಕ್ಕೇ ಹೋಗುತ್ತದೆ, ಆ ಕೆಲಸವನ್ನು ಇಂಥ ಪುಡಿಗೆ ಒಪ್ಪಿಸುವ ಪ್ರಯೋಗಗಳು ನಡೆದಿವೆ. ಅದಾದರೆ ಬಿಲ್ಲು ಇಳಿದೀತು. ಬಾವಿಗೆ ಮಾತ್ರ ಮಳೆನೀರು ಇಂಗಿಸಿ.

ಪ್ರಶ್ನೆ: ತಾರಸಿಗೆ ಬಳಿದರೆ ಎಸಿಯೇ ಬೇಡವಾಗುವ ಬಿಳಿ ಪೇಂಟ್ ಬಂದಿದೆಯಂತೆ, ಹೌದಾ?
– ಓದುಗರು, ಉಳ್ಳಾಲ

2021ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಮಾಡಿದ್ದು. ಬೇರಿಯಂ ಸಲ್ಫೇಟ್ ಬಳಸಿದ ಈ ಬಣ್ಣ ಶೇ. 98.1 ಬಿಸಿಲನ್ನು ವಾಪಸ್ ಕಳಿಸುತ್ತದೆ. ಅಷ್ಟೇ ಅಲ್ಲ, ತನ್ನ ಬಿಸಿಯನ್ನು ಅವಗೆಂಪು ಕಿರಣವಾಗಿ ಆಕಾಶಕ್ಕೆ ಬಿಡುತ್ತದೆ, ಹಾಗಾಗಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಬಲ್ಲದು. ಆದರೆ ಆ ಕಿರಣ ಹೋಗಲು ದಾರಿ ಬೇಕಲ್ವಾ? ಮೋಡವೂ ನೀರಾವಿಯೂ ಆ ದಾರಿಗೆ ಅಡ್ಡ ನಿಲ್ಲುತ್ತವೆ, ಮತ್ತೆ ಕರಾವಳಿಯ ಗಾಳಿ ಹೇಗಿರುತ್ತದೆಂದು ಉಳ್ಳಾಲದವರಿಗೆ ನಾನು ಹೇಳಬೇಕಾ! ಬಿಸಿಲು ತಿರುಗಿಸುವ ಲಾಭವಂತೂ ಸಿಕ್ಕೀತು. ನನ್ನ ಚಿಂತೆ ಪಾಚಿಯದ್ದು. ನಮ್ಮ ಮನೆಯ ತಾರಸಿಗೆ ಎರಡು ವರ್ಷದ ಹಿಂದೆ ಮಾಮೂಲಿ ಬಿಳಿ ಬಣ್ಣ ಬಳಿಸಿದ್ದೆ. ಜೂನ್‌ನಲ್ಲಿ ಹಾಲಿನ ಹಾಗಿತ್ತು, ಅಕ್ಟೋಬರಿಗೆ ಎಮ್ಮೆಯ ಬೆನ್ನು. ಕಪ್ಪಾದ ಮೇಲೆ ಯಾವ ಬಿಳಿ ಪೇಂಟೂ ಬಿಸಿಲು ತಿರುಗಿಸುವುದಿಲ್ಲ.

ಪ್ರಶ್ನೆ: ಸಮುದ್ರದ ಉಪ್ಪಿನಿಂದ ಬ್ಯಾಟರಿ ಮಾಡುತ್ತಾರಾ?
– ಓದುಗರು, ಮಲ್ಪೆ

ಉಪ್ಪಿನಲ್ಲಿರುವ ಸೋಡಿಯಂನಿಂದ ಮಾಡುತ್ತಾರೆ. ಚೀನಾದ ಸಿಎಟಿಎಲ್ ಕಂಪನಿ 2021ರಲ್ಲೇ ತೋರಿಸಿತು. ಲಿಥಿಯಂಗಿಂತ ಸೋಡಿಯಂ ಧಾರಾಳ ಸಿಗುತ್ತದೆ, ಆದರೆ ಅದರ ಪರಮಾಣು ಮೂರು ಪಟ್ಟಿಗಿಂತ ಜಾಸ್ತಿ ಭಾರ. ಹಾಗಾಗಿ ಕಿಸೆಯ ಮೊಬೈಲಿಗಿಂತ, ಸೋಲಾರ್ ಕರೆಂಟ್ ತುಂಬಿಸಿ ಮನೆಯ ಮೂಲೆಯಲ್ಲಿ ಕೂರುವ ಬ್ಯಾಟರಿಗೆ ಚಂದ.

ಪ್ರಶ್ನೆ: ಅದೆಲ್ಲ ಇರಲಿ, ಆಟಿ ತಿಂಗಳಲ್ಲಿ ಬಟ್ಟೆ ಒಣಗಿಸಲು ಏನಾದರೂ ಕಂಡುಹಿಡಿದಿದ್ದಾರಾ?
– ಓದುಗರು, ಬ್ರಹ್ಮಾವರ

ಪ್ರಶ್ನೆ ಅಂದರೆ ಇದು! ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು ಬಿಸಿ ಮಾಡದೆ, ನಮ್ಮ ಕಿವಿಗೆ ಕೇಳದಷ್ಟು ವೇಗದ ಕಂಪನದಿಂದ ಬಟ್ಟೆಯ ನೀರನ್ನು ತಣ್ಣನೆ ಮಂಜಾಗಿ ಹೊರಗೆ ಒದರಿಸುವ ಡ್ರೈಯರ್ ಮಾಡಿ ನೋಡಿದ್ದಾರೆ. ಅಂಗಡಿಗೆ ಬಂದರೆ ನಾನೇ ಮೊದಲು ಸಾಲಿನಲ್ಲಿ ನಿಲ್ಲುತ್ತೇನೆ. ಆ ಮಂಜಿನ ಪೈಪ್ ಮಾತ್ರ ಕಿಟಕಿಯ ಆಚೆಗಿರಲಿ, ಇಲ್ಲದಿದ್ದರೆ ಬಟ್ಟೆ ಒಣಗಿ ಗೋಡೆಗೆ ಬೂಸ್ಟು ಬಂದೀತು. ಅಲ್ಲಿಯವರೆಗೆ ಬಚ್ಚಲ ಒಲೆಯ ಮೇಲಿನ ಹಗ್ಗವೇ ಗತಿ, ಹೊಗೆ ವಾಸನೆಯ ಅಂಗಿಯೇ ಯೂನಿಫಾರ್ಮು.