ಹೋಗುವುದಾದರೆ ಈಗಲೇ ಹೋಗಿ

ಪ್ರಶ್ನೆ: ನನಗೀಗ 29 ವಾರ. ನಾಲ್ಕು ವರ್ಷದ ಹಿಂದೆ ಒಂದು ಬಸಿರು ಮೂರನೇ ತಿಂಗಳಲ್ಲೇ ಹೋಗಿತ್ತು. ಅಪ್ಪ ಬೇರೆ ದೇಶದಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ಕ್ಯಾನ್ಸರ್, ಚಿಕಿತ್ಸೆ ನಿಲ್ಲಿಸಿ ನೋವಿಗಷ್ಟೇ ಔಷಧಿ ಕೊಡುತ್ತಿದ್ದಾರೆ. ಅಣ್ಣ "ದಿನಾ ನಿನ್ನ ಹೆಸರೇ ಹೇಳ್ತಾರೆ, ಬರೋದಾದ್ರೆ ಬಾ" ಅನ್ನುತ್ತಾನೆ. ಫೋನಿನಲ್ಲಿ ಅಪ್ಪ "ಈ ಸ್ಥಿತೀಲಿ ಬರಬೇಡಮ್ಮ" ಅನ್ನುತ್ತಾರೆ. 34ನೇ ವಾರಕ್ಕೆ ಹೆರಿಗೆ ರಜೆ ಶುರುವಾಗುತ್ತದೆ. ಆಗ ಹೋಗಿ, ಎರಡು ವಾರ ಇದ್ದು ಬರೋಣ ಎಂದುಕೊಂಡಿದ್ದೇನೆ. ನಡುವೆ ವಿಮಾನ ಬದಲಿಸಿ ಒಟ್ಟು 17 ಗಂಟೆಯ ಪ್ರಯಾಣ. ಡಾಕ್ಟರು "36 ವಾರದವರೆಗೆ ಹೋಗಬಹುದು" ಎಂದಿದ್ದಾರೆ, ಆದರೆ ಹೋದ ಸಲ ಬಿಪಿ 136/88 ಇತ್ತು, "ನೋಡೋಣ" ಅಂದರು. ಗಂಡ "ನಿನ್ನಿಷ್ಟ, ಏನಾದರೂ ಆದರೆ ನನ್ನನ್ನು ಕೇಳಬೇಡ" ಎಂದು ಹೇಳಿ ಸುಮ್ಮನಾಗಿದ್ದಾರೆ. ಹೋದರೆ ಮಗುವಿಗೆ ಅನ್ಯಾಯ, ಹೋಗದಿದ್ದರೆ ಅಪ್ಪನಿಗೆ ಅನ್ಯಾಯ ಅನ್ನಿಸಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿದಾಗ ನನ್ನನ್ನು ಮೊದಲು ತಡೆದದ್ದು ಆ 34ನೇ ವಾರ. ಅದನ್ನು ಗೊತ್ತುಮಾಡಿದ್ದು ನಿಮ್ಮ ಆಫೀಸಿನ ರಜೆಯ ಲೆಕ್ಕ. ಅಪ್ಪನ ಕಾಯಿಲೆಗೂ ಆ ತಾರೀಖಿಗೂ ಸಂಬಂಧವಿಲ್ಲ, ಬಸಿರಿಗಂತೂ ಅದು ಇದ್ದುದರಲ್ಲಿ ಕೆಟ್ಟ ಆಯ್ಕೆ. ಹಾಗಾಗಿ ನಾನು ಹೇಳುವುದು ಇಷ್ಟು: ಬಿಪಿ ಒಪ್ಪಿದರೆ ಮುಂದಿನ ವಾರವೇ ಹೊರಡಿ, ಎಂಟು-ಹತ್ತು ದಿನದಲ್ಲಿ ವಾಪಸ್ ಬನ್ನಿ. ಬಿಪಿ ಒಪ್ಪದಿದ್ದರೆ ಹೋಗಬೇಡಿ. 34ನೇ ವಾರದ ಯೋಚನೆಯನ್ನು ಮಾತ್ರ ಇವತ್ತೇ ಕೈಬಿಡಿ.

ಡಾಕ್ಟರು ಹೇಳಿದ 36 ವಾರ ತಪ್ಪಲ್ಲ. ಒಂದೇ ಮಗು, ಯಾವ ತೊಡಕೂ ಇಲ್ಲ ಎಂದಾದರೆ ಬಹಳಷ್ಟು ಏರ್‌ಲೈನ್‌ಗಳ ಗಡಿಯೂ ಅದರ ಆಸುಪಾಸಿನಲ್ಲೇ ಇದೆ. ಅವಳಿಯಾದರೆ ಸಾಮಾನ್ಯವಾಗಿ 32. ಆದರೆ ಆ ಗಡಿ ಹೋಗುವ ದಿನಕ್ಕೆ ಹೇಗೋ ಬರುವ ದಿನಕ್ಕೂ ಹಾಗೇ. 34ಕ್ಕೆ ಹೋಗಿ ಎರಡು ವಾರ ಇದ್ದರೆ ವಾಪಸಿನ ವಿಮಾನ ಹತ್ತುವ ದಿನ ನೀವು ಸರಿಯಾಗಿ ಆ ಗೆರೆಯ ಮೇಲೆ ನಿಂತಿರುತ್ತೀರಿ. ಅಪ್ಪನಿಗೆ ಆ ದಿನ ಹೆಚ್ಚುಕಡಿಮೆಯಾಯಿತು, ಇನ್ನು ಮೂರು ದಿನ ಇರೋಣ ಅನ್ನಿಸಿತು ಎಂದಿಟ್ಟುಕೊಳ್ಳಿ. ಅಲ್ಲಿಗೆ ನಿಮ್ಮ ಹೆರಿಗೆ ಆ ದೇಶದಲ್ಲೇ. ಇನ್ನೊಂದು ಮಾತು, ಇದು ಅನೇಕರಿಗೆ ಕೌಂಟರಿನ ಮುಂದೆ ನಿಂತಾಗಲೇ ಗೊತ್ತಾಗುವುದು: 28 ವಾರ ದಾಟಿದ ಮೇಲೆ ಡಾಕ್ಟರ ಪತ್ರ ಕೇಳುತ್ತಾರೆ, ಅದು ಇತ್ತೀಚಿನದಾಗಿರಬೇಕು ಎಂಬ ಷರತ್ತೂ ಇರುತ್ತದೆ. ಇಲ್ಲಿಂದ ಒಯ್ದ ಪತ್ರ ವಾಪಸ್ ಬರುವ ಹೊತ್ತಿಗೆ ಹಳತಾಗಿರಬಹುದು. ಅಲ್ಲಿ ಪತ್ರ ಬರೆದುಕೊಡುವ ಡಾಕ್ಟರು ಯಾರು ಎಂದು ಅಣ್ಣನಿಂದ ಮೊದಲೇ ವಿಚಾರಿಸಿಡಿ. ನಿಯಮ ಏರ್‌ಲೈನಿನಿಂದ ಏರ್‌ಲೈನಿಗೆ ಬೇರೆ. ನಡುವೆ ವಿಮಾನ ಬದಲಿಸುವಾಗ ಸಂಸ್ಥೆಯೂ ಬದಲಾದರೆ ಎರಡರದ್ದನ್ನೂ ಓದಿಕೊಳ್ಳಿ.

ಈಗ ಹೋದರೆ ಅಪಾಯವೇ ಇಲ್ಲವೇ? ಇದೆ, ಆದರೆ ಬೇರೆ ಥರದ್ದು. ಜಗತ್ತಿನಲ್ಲಿ ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂದು 37 ವಾರ ತುಂಬುವ ಮೊದಲೇ ಬರುತ್ತದೆ. ಅವುಗಳಲ್ಲಿ ಹೆಚ್ಚಿನವು 32 ದಾಟಿದ ಮೇಲೆ ಬರುವಂಥವು. ಅಂದರೆ 30ನೇ ವಾರದಲ್ಲಿ ಹೆರಿಗೆಯಾಗುವ ಸಾಧ್ಯತೆ 35ರಲ್ಲಿ ಇರುವುದಕ್ಕಿಂತ ಬಹಳ ಕಡಿಮೆ. ಆದರೆ ಆಗಿಬಿಟ್ಟರೆ ಭಾರ ಹೆಚ್ಚು. 35ರ ಮಗುವನ್ನು ಕೆಲವು ದಿನ ನೋಡಿಕೊಂಡು ಮನೆಗೆ ಕಳಿಸಬಹುದು. 30ರ ಮಗು ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ವಾರಗಟ್ಟಲೆ ಇರಬೇಕು, ಎಷ್ಟೋ ಸಲ ಹೆರಿಗೆಗೆ ಕೊಟ್ಟಿದ್ದ ತಾರೀಖು ಹತ್ತಿರವಾಗುವವರೆಗೂ. ಒಳ್ಳೆಯ ಆಸ್ಪತ್ರೆ ಇರುವ ಊರಿನಲ್ಲಿ ಅಂಥ ಮಕ್ಕಳಲ್ಲಿ ಬಹುಪಾಲು ಉಳಿದು ಬೆಳೆಯುತ್ತವೆ. ಪರದೇಶದಲ್ಲಿ ಎರಡು ತಿಂಗಳು ನೀವು ಸಿಕ್ಕಿಕೊಳ್ಳುವುದಂತೂ ಖಂಡಿತ. ಆ ಚಿಕ್ಕ ಸಾಧ್ಯತೆಯನ್ನು ಒಪ್ಪಿಕೊಂಡು ಹೊರಡಬೇಕು, ಕಣ್ಣುಮುಚ್ಚಿಕೊಂಡಲ್ಲ.

ಬಿಪಿಯ ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಮಾತಾಡುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಅದು ಅರ್ಧ ಸಾಲಿನಲ್ಲಿ ಮುಗಿದುಹೋಗಿದೆ. 20 ವಾರದ ನಂತರ 140/90 ಮುಟ್ಟಿದರೆ ಅದನ್ನು ಬಸಿರಿನ ಅಧಿಕ ರಕ್ತದೊತ್ತಡ ಎಂದು ಪರಿಗಣಿಸುತ್ತಾರೆ. ನೀವು ಅದರ ಹೊಸ್ತಿಲಿನಲ್ಲಿದ್ದೀರಿ. ಆಸ್ಪತ್ರೆಗೆ ಓಡೋಡಿ ಬಂದ ಸುಸ್ತು, ಅಪ್ಪನ ಚಿಂತೆ, ನಿದ್ದೆಗೇಡು, ಇವೂ ಅಷ್ಟು ಏರಿಸಬಲ್ಲವು. ಪ್ರಿಎಕ್ಲಾಂಪ್ಸಿಯಾದ, ಅಂದರೆ ಬಸಿರಿನಲ್ಲಿ ಬಿಪಿ ಏರಿ ಲಿವರ್, ಕಿಡ್ನಿಯಂಥ ಅಂಗಗಳಿಗೂ ಪೆಟ್ಟು ಕೊಡುವ ಕಾಯಿಲೆಯ, ಮೊದಲ ಸುಳಿವೂ ಆಗಿರಬಹುದು. ಒಂದು ಸಲದ ಅಳತೆಯಿಂದ ಯಾವುದು ಎಂದು ಹೇಳಲಾಗದು. ಮನೆಯಲ್ಲೇ ನಾಲ್ಕು ದಿನ ಬೆಳಿಗ್ಗೆ ಸಂಜೆ, ಐದು ನಿಮಿಷ ಸುಮ್ಮನೆ ಕೂತು, ನೋಡಿ ಬರೆದಿಡಿ. ಮೂತ್ರದಲ್ಲಿ ಪ್ರೋಟೀನ್ ಇದೆಯೇ, ಪ್ಲೇಟ್‌ಲೆಟ್, ಲಿವರ್, ಕಿಡ್ನಿ ಸರಿಯಿದೆಯೇ ಎಂದು ಪರೀಕ್ಷೆ ಮಾಡಿಸಿಕೊಡಲು ಕೇಳಿ. ಆ ಕಾಗದ ಹಿಡಿದು ಡಾಕ್ಟರ ಮುಂದೆ ಕೂತು "36ರವರೆಗೆ ಹೋಗಬಹುದಾ?" ಎಂದು ಕೇಳಬೇಡಿ. ಅದಕ್ಕೆ ಎಲ್ಲರಿಗೂ ಕೊಡುವ ಉತ್ತರವೇ ಸಿಗುತ್ತದೆ. "ಈ ಬಿಪಿ, 17 ಗಂಟೆಯ ಪ್ರಯಾಣ, ಹತ್ತು ದಿನ ನಿಮ್ಮ ಕಣ್ಣಿಗೆ ಸಿಗದ ನಾನು. ಕಳಿಸ್ತೀರಾ?" ಎಂದು ಕೇಳಿ. ಮಾಸು ಕೆಳಗಿದೆಯೇ, ಗರ್ಭಕೊರಳಿನ ಉದ್ದ ಸಾಕಷ್ಟಿದೆಯೇ, ಹಿಮೋಗ್ಲೋಬಿನ್ ಎಷ್ಟು ಎನ್ನುವುದನ್ನೂ ಅದೇ ಕೂತಲ್ಲಿ ಕೇಳಿ ಮುಗಿಸಿ. ಪ್ರಿಎಕ್ಲಾಂಪ್ಸಿಯಾ ಅಂತಾದರೆ ಅದು ನಿಜವಾಗಿ ಇಳಿಯುವುದು ಹೆರಿಗೆಯಾದ ಮೇಲೇ. ಅದನ್ನು ಹೊತ್ತು ವಿಮಾನ ಹತ್ತುವ ಮಾತೇ ಇಲ್ಲ. ಡಾಕ್ಟರು ತಡವರಿಸಿದರೆ ಆ ತಡವರಿಕೆಯನ್ನೇ ಉತ್ತರ ಎಂದು ತಿಳಿಯಿರಿ.

ಹಳೆಯ ಗರ್ಭಪಾತವನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ. ಮೂರನೇ ತಿಂಗಳಲ್ಲಿ ಹೋದದ್ದಕ್ಕೂ ಏಳನೇ ತಿಂಗಳಲ್ಲಿ ವಿಮಾನ ಹತ್ತುವುದಕ್ಕೂ ನಂಟಿಲ್ಲ. ವಿಮಾನದ ಒಳಗಿನ ಗಾಳಿ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ತೆಳುವಾಗಿರುತ್ತದೆ, ನಿಜ. ಆದರೆ ಹೊಟ್ಟೆಯೊಳಗಿನ ಮಗುವಿನ ರಕ್ತ ಕಡಿಮೆ ಆಮ್ಲಜನಕವನ್ನೂ ಹಿಡಿದಿಟ್ಟುಕೊಳ್ಳುವ ಜಾತಿಯದು. ತಾಯಿಗೆ ತೀವ್ರ ರಕ್ತಹೀನತೆ ಇಲ್ಲದಿದ್ದರೆ ಅದಕ್ಕೆ ತೊಂದರೆಯಾಗದು. ತೊಂದರೆ ಬರುವುದಿದ್ದರೆ ನಿಮ್ಮ ಕಾಲಿಗೆ. ಬಸಿರಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಗಂಟೆಗಟ್ಟಲೆ ಕೂತರೆ ಇನ್ನೂ ಬೇಗ. ಅಳತೆಗೆ ಸರಿಯಾದ ಕಂಪ್ರೆಷನ್ ಸ್ಟಾಕಿಂಗ್ಸ್ (ಕಾಲನ್ನು ಬಿಗಿಯಾಗಿ ಒತ್ತಿಹಿಡಿಯುವ ಕಾಲುಚೀಲ) ಹಾಕಿಕೊಳ್ಳಿ, ನಡುದಾರಿಯ ಪಕ್ಕದ ಸೀಟು ಹಿಡಿಯಿರಿ, ಗಂಟೆಗೊಮ್ಮೆ ಎದ್ದು ಓಡಾಡಿ. ಬೆಲ್ಟು ಹೊಟ್ಟೆಯ ಕೆಳಗೆ, ಸೊಂಟದ ಮೂಳೆಯ ಮೇಲೆ. ನೀರು ಚೆನ್ನಾಗಿ ಕುಡಿಯಿರಿ, ಟಾಯ್ಲೆಟ್ಟಿಗೆ ಹೆದರಿ ಬಿಡಬೇಡಿ. ತಪಾಸಣೆಯ ಫೈಲು ಕೈಚೀಲದಲ್ಲೇ ಇರಲಿ.

ಅಪ್ಪನ ವಿಷಯಕ್ಕೆ ಬರುತ್ತೇನೆ. ಅಣ್ಣ ಹೇಳುವುದೂ ಅಪ್ಪ ಹೇಳುವುದೂ ಎರಡೂ ನಿಜವಿರಬಹುದು; ನೋಡಬೇಕೆಂಬ ಆಸೆಯೂ ಬರಬೇಡವೆಂಬ ಕಾಳಜಿಯೂ ಒಬ್ಬರೊಳಗೇ ಇರುತ್ತವೆ. ಅವರ ಮಾತಿನಿಂದ ತೀರ್ಮಾನ ಹುಡುಕುವುದು ಬಿಟ್ಟು, ಅಪ್ಪನನ್ನು ನೋಡುತ್ತಿರುವ ಡಾಕ್ಟರನ್ನು ಅಣ್ಣನಿಂದ ಕೇಳಿಸಿ: ವಾರಗಳೋ, ತಿಂಗಳುಗಳೋ? ಅಣ್ಣನಿಗೆ ಇದನ್ನು ಕೇಳುವ ಧೈರ್ಯ ಬಂದಿಲ್ಲದಿರಬಹುದು, ಹಾಗಿದ್ದರೆ ನೀವೇ ಫೋನಿನಲ್ಲಿ ಕೇಳಿ. ದಿನ ಹೇಳಲು ಅವರಿಗೂ ಆಗದು, ಆದರೆ ಇವೆರಡರಲ್ಲಿ ಯಾವುದು ಎಂದು ಸಾಮಾನ್ಯವಾಗಿ ಹೇಳಬಲ್ಲರು. ತಿಂಗಳುಗಳು ಎಂದರೆ ಮಗುವನ್ನೇ ಎತ್ತಿಕೊಂಡು ಹೋಗುವ ದಾರಿ ಒಂದಿದೆ, ಮಗುವಿನ ಪಾಸ್‌ಪೋರ್ಟ್, ವೀಸಾ, ಮೊದಲ ಲಸಿಕೆಗಳು, ನಿಮ್ಮ ಚೇತರಿಕೆ ಎಲ್ಲ ಸೇರಿ ಈಗಿನಿಂದ ಐದಾರು ತಿಂಗಳಾದೀತು. ವಾರಗಳು ಎಂದರೆ ಈಗಲೇ. 34ನೇ ವಾರ ಈ ಎರಡಕ್ಕೂ ಉಪಯೋಗವಿಲ್ಲ.

ನಿಮ್ಮ ಗಂಡನ ಆ ಮಾತು ನನಗೆ ಇಷ್ಟವಾಗಲಿಲ್ಲ. ತೀರ್ಮಾನವನ್ನೂ ಅದರ ಪಾಪವನ್ನೂ ಒಟ್ಟಿಗೆ ನಿಮ್ಮ ತಲೆಗೆ ಕಟ್ಟಿ ತಾವು ಪಕ್ಕಕ್ಕೆ ಸರಿದಿದ್ದಾರೆ. ಆದರೂ ಅದರ ಹಿಂದೆ ಇರುವುದು ಭಯವೇ ಇರಬೇಕು. ಒಂದು ಮಗುವನ್ನು ಅವರೂ ಕಳೆದುಕೊಂಡವರು. "ಏನಾದರೂ ಆದರೆ ಅಂದ್ರಲ್ಲ, ಏನು ಆಗಬಹುದು ಅಂತ ನಿಮಗೆ ಹೆದರಿಕೆ?" ಎಂದು ಕೇಳಿ ನೋಡಿ. ಹೆಸರಿಟ್ಟು ಹೇಳಿದ ಹೆದರಿಕೆಗೆ ಡಾಕ್ಟರ ಹತ್ತಿರ ಉತ್ತರ ಸಿಗುತ್ತದೆ. ಅವರನ್ನು ಆ ಭೇಟಿಗೆ ಕರೆದುಕೊಂಡೇ ಹೋಗಿ, ಪ್ರಶ್ನೆಗಳನ್ನು ಅವರೇ ಕೇಳಲಿ. ಸಾಧ್ಯವಾದರೆ ಪ್ರಯಾಣಕ್ಕೂ ಜೊತೆಗೆ ಬರಲಿ. ಈ ಹೊತ್ತಿನಲ್ಲಿ 17 ಗಂಟೆ ಒಬ್ಬರೇ ಹೋಗುವುದನ್ನು ನಾನು ಒಪ್ಪುವುದಿಲ್ಲ. ಅವರಿಗೆ ಆಗದಿದ್ದರೆ ಇನ್ನೊಬ್ಬರು ಯಾರಾದರೂ ಬರಲೇಬೇಕು.

ಗಂಡ ಖರ್ಚಿನ ಮಾತೆತ್ತಿದರೆ ಸಿಟ್ಟಾಗಬೇಡಿ, ಅದು ನ್ಯಾಯವಾದ ಪ್ರಶ್ನೆ. ಟ್ರಾವೆಲ್ ಇನ್ಶೂರೆನ್ಸ್ ಇದೆಯಲ್ಲ ಎಂದು ಟಿಕೆಟ್ ಜೊತೆಗೆ ಬಂದದ್ದನ್ನು ನಂಬಿಕೊಂಡು ಹೊರಟವರು ಅನೇಕರು. ಅದರಲ್ಲಿ ನಾಲ್ಕು ವಿಷಯ ಬರಹದಲ್ಲಿ ಕೇಳಿ: ಎಷ್ಟನೇ ವಾರದವರೆಗೆ ಬಸಿರಿನ ತೊಡಕಿಗೆ ಹಣ ಕೊಡುತ್ತಾರೆ, ಅವಧಿಗೆ ಮುಂಚಿನ ಹೆರಿಗೆ ಸೇರಿದೆಯೇ, ಹುಟ್ಟಿದ ಮಗುವಿನ ಎನ್‌ಐಸಿಯು ಬಿಲ್ಲು ಸೇರಿದೆಯೇ, ಈಗಾಗಲೇ ಏರಿದ್ದ ಬಿಪಿಯನ್ನು ಹೇಳಿದ ಮೇಲೂ ಅದೇ ಉತ್ತರವೇ. ಮೂರನೆಯದಕ್ಕೇ ಹೆಚ್ಚಿನವರು ಎಡವುವುದು. ತಾಯಿಯ ಹೆಸರಿನ ಪಾಲಿಸಿ ಎಷ್ಟೋ ಸಲ ಮಗುವಿಗೆ ಅನ್ವಯಿಸುವುದಿಲ್ಲ, ಮಗು ಹುಟ್ಟಿದ ಕ್ಷಣದಿಂದ ಅದು ಬೇರೆಯೇ ವ್ಯಕ್ತಿ. ಬಿಪಿಯನ್ನು ಮುಚ್ಚಿಟ್ಟು ಮಾಡಿಸಿದ ಪಾಲಿಸಿ ಬೇಕಾದ ದಿನ ಕೈಕೊಡುತ್ತದೆ. ಇನ್ನು ಅಲ್ಲೇ ಮಗುವಾದರೆ ಆ ದೇಶದ ಜನನ ಪತ್ರ, ನಿಮ್ಮ ದೂತಾವಾಸದಿಂದ ಪಾಸ್‌ಪೋರ್ಟ್ ಎಲ್ಲ ಆದಮೇಲೇ ಹೊರಡಲು ಬಿಡುವುದು. ಅಣ್ಣ ಅಲ್ಲಿರುವುದು ಅದಕ್ಕೆ ದೊಡ್ಡ ಅನುಕೂಲ.

ಹೋದ ಮೇಲೆ ಅಪ್ಪನ ಪಕ್ಕದಲ್ಲಿ ಕೂರುವುದಷ್ಟೇ ನಿಮ್ಮ ಕೆಲಸ. ರಾತ್ರಿಯ ಆರೈಕೆ, ಎತ್ತಿ ಕೂರಿಸುವುದು, ಬಂದವರನ್ನು ನೋಡಿಕೊಳ್ಳುವುದು ಅಣ್ಣ ಅತ್ತಿಗೆಗೆ ಇರಲಿ. ಇದನ್ನು ಹೋಗುವ ಮೊದಲೇ ಹೇಳಿಬಿಡಿ, ಅಲ್ಲಿ ಹೋಗಿ ಹೇಳಲು ಸಂಕೋಚವಾಗುತ್ತದೆ. ತಲೆ ಸಿಡಿಯುವಂಥ ನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ರಕ್ತ ಅಥವಾ ನೀರು ಹೋಗುವುದು, ಒಂದೇ ಕಾಲು ಊದಿ ನೋಯುವುದು, ಏದುಸಿರು, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಇದರಲ್ಲಿ ಯಾವುದಾದರೂ ಒಂದು ಕಂಡರೂ ಅಪ್ಪನ ಮಂಚ ಬಿಟ್ಟೆದ್ದು ಆಸ್ಪತ್ರೆಗೆ.

ಕೊನೆಗೆ, ಕಷ್ಟದ ಒಂದು ಮಾತನ್ನು ಈಗಲೇ ಮನೆಯವರ ಜೊತೆ ಆಡಿ ಮುಗಿಸಿ. ನೀವು ನೋಡಿ ಬಂದರೂ, ಹೋಗಲಾಗದೆ ಇಲ್ಲೇ ಉಳಿದರೂ, ಅಪ್ಪ ಹೋದರೆಂಬ ಫೋನು 35-36ನೇ ವಾರದಲ್ಲಿ ಬರಬಹುದು. ಆಗ ಹೊರಡುವುದಿಲ್ಲ ಎಂದು ಇವತ್ತೇ ತೀರ್ಮಾನಿಸಿ, ಅಣ್ಣನಿಗೂ ಹೇಳಿ. ಆ ಗಳಿಗೆಯಲ್ಲಿ ತೆಗೆದುಕೊಳ್ಳುವ ನಿರ್ಧಾರ ಯಾರದ್ದೂ ನೆಟ್ಟಗಿರುವುದಿಲ್ಲ. ಡಾಕ್ಟರು ಬೇಡವೆಂದರೆ, ದಿನಕ್ಕೊಂದು ಹೊತ್ತು ಅಪ್ಪನಿಗೆ ನೋವು ಕಡಿಮೆಯಿರುವ ಸಮಯ ಯಾವುದೆಂದು ಅಣ್ಣನನ್ನು ಕೇಳಿ, ಆ ಹೊತ್ತಿಗೆ ವಿಡಿಯೋ ಕಾಲ್ ಮಾಡಿ. ಅವಸರದ ಕುಶಲ ಬೇಡ, ಇಬ್ಬರೂ ಸುಮ್ಮನಿದ್ದರೂ ಪರವಾಗಿಲ್ಲ, ಕಾಲ್ ನಡೆಯುತ್ತಿರಲಿ. ನಿಮಗೆ ಬದಲಾಗಿ ಗಂಡ ನಾಲ್ಕು ದಿನ ಹೋಗಿಬರಬಹುದೇ ಎಂದೂ ಯೋಚಿಸಿ.

ಇವತ್ತು ಮಾಡಬೇಕಾದ ಫೋನು ಮೂರು: ನಿಮ್ಮ ಡಾಕ್ಟರಿಗೆ, ಅಪ್ಪನ ಡಾಕ್ಟರಿಗೆ, ಆಫೀಸಿಗೆ. ಹತ್ತು ದಿನದ ರಜೆಯನ್ನು ಹೆರಿಗೆ ರಜೆಯ ಜೊತೆ ಸೇರಿಸದೆ ಬೇರೆಯಾಗಿ ಕೇಳಿ, ತಂದೆಯ ಕಾಯಿಲೆ ಎಂದೇ ಬರೆಯಿರಿ. ಇಲ್ಲ ಅಂದರೆ ಸಂಬಳವಿಲ್ಲದ ರಜೆ ಕೇಳಿ. ಟಿಕೆಟ್ ಮಾತ್ರ ಬಿಪಿಯ ನಾಲ್ಕು ದಿನದ ಪಟ್ಟಿ ಕೈಗೆ ಬಂದ ಮೇಲೆಯೇ, ತಾರೀಖು ಬದಲಿಸಬಹುದಾದದ್ದನ್ನೇ ತೆಗೆಯಿರಿ.