ಕಾರಿನ ಭಾರವಾದ ಸೂಪರ್‌ಚಾರ್ಜರ್ ಒಬ್ಬರೇ ಬಿಚ್ಚಿ ಹಾಕಬಹುದಾ?

ಗೋಣಿಕೊಪ್ಪದ ಹತ್ತಿರ ತೋಟದ ಮನೆ, 5.0 ಲೀಟರ್ ವಿ8 ರೇಂಜ್ ರೋವರ್ ಸ್ಪೋರ್ಟ್, ಗಾಡಿ ನಿಂತು ಎಂಜಿನ್ ಓಡುವಾಗ ಮುಂದುಗಡೆಯಿಂದ ಕಟಕಟ ಸದ್ದು, ಸೂಪರ್‌ಚಾರ್ಜರ್ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಪು) ಇಳಿಸಬೇಕು, ಕೈ ಜೋಡಿಸಲು ಯಾರೂ ಇಲ್ಲ. ಇಷ್ಟು ನೀವು ಹೇಳಿದ್ದೀರಿ.

ಒಬ್ಬರಿಂದ ಆಗುತ್ತದೆ. ನಾನು ಸಿದ್ದಾಪುರದ ಕಡೆಯವನು, ಇದೇ ಎಂಜಿನ್‌ನಲ್ಲಿ ಮಾಡಿದ್ದೇನೆ.

ತೂಕಕ್ಕೆ ಹೆದರಬೇಡಿ. ಕಾಫಿ ಮೂಟೆ ಹೊತ್ತು ಲಾರಿಗೆ ಹಾಕುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಆದರೆ ಮೂಟೆ ಬೆನ್ನ ಮೇಲೆ ಕೂರುತ್ತದೆ. ಇದು ಎರಡು ಸಾಲು ಸಿಲಿಂಡರ್‌ಗಳ ನಡುವಿನ ತಗ್ಗಿನಲ್ಲಿ ಕೂತಿರುತ್ತದೆ. ಬಂಪರ್ ಮೇಲೆ ಬಾಗಿ, ಕೈ ಪೂರ್ತಿ ಚಾಚಿ ಎತ್ತಬೇಕು. ಸೊಂಟ ಹೋಗೋದು ಅಲ್ಲೇ. ಅದಕ್ಕೆ ಕೈಯಲ್ಲಿ ಎತ್ತುವ ಯೋಚನೆಯನ್ನೇ ಬಿಡಿ, ತೂಗುಹಾಕಿ ಇಳಿಸಿ.

ಗೋಡೌನ್‌ನಲ್ಲಿ ಗಟ್ಟಿ ಕಬ್ಬಿಣದ ತೊಲೆ ಇದ್ದರೆ ಅದಕ್ಕೊಂದು ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತುವ ರಾಟೆ) ಹಾಕಿ. ಹೊರಗೆ ಮಾಡ್ತೀನಿ ಅಂತ ಸಿಲ್ವರ್ ಓಕ್ ಕೊಂಬೆಗೆ ಮಾತ್ರ ಕಟ್ಟಬೇಡಿ. ಜೋರು ಗಾಳಿಗೇ ಮುರಿದು ಬೀಳುವ ಮರ ಅದು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿದ್ದರೆ ಇನ್ನೂ ಒಳ್ಳೆಯದು. ಬಾನೆಟ್ ಚೈನ್‌ಗೆ ಅಡ್ಡ ಬಂದರೆ ಬಿಚ್ಚಬೇಕಾಗುತ್ತದೆ. ತಮಾಷೆ ಅಂದ್ರೆ ಇಡೀ ಕೆಲಸದಲ್ಲಿ ಇಬ್ಬರು ಬೇಕೇ ಬೇಕು ಅನ್ನಿಸೋದು ಅದಕ್ಕೊಂದಕ್ಕೇ. ಹತ್ತು ನಿಮಿಷಕ್ಕೆ ಪಕ್ಕದ ತೋಟದವರನ್ನು ಕರೆಯಿರಿ.

ಬಿಚ್ಚುವುದು ಸುಲಭದ ಭಾಗ. ಎಂಜಿನ್ ರಾತ್ರಿಯೆಲ್ಲ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಕೂಲೆಂಟ್ ಇಳಿಸಿ. ಬೆಲ್ಟ್ ಹೇಗೆ ಸುತ್ತಿದೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಹಿಂದಿನ ಬೋಲ್ಟ್‌ಗಳು ಕೈಗೆ ಸಿಗದೆ ಸತಾಯಿಸುತ್ತವೆ, ಉದ್ದದ ಎಕ್ಸ್‌ಟೆನ್ಷನ್ ಬೇಕು. ಇಂಪ್ಯಾಕ್ಟ್ ಗನ್ ಹತ್ತಿರ ತರಬೇಡಿ. ಅಲ್ಯೂಮಿನಿಯಂ ಒಳಗೆ ಕೂತ ಸ್ಟೀಲ್ ಬೋಲ್ಟ್ ಅದು, ಥ್ರೆಡ್ ಕಿತ್ತು ಬಂದರೆ ಕಥೆ ಮುಗೀತು.

ಎತ್ತುವ ಪಟ್ಟಿ ಕಟ್ಟುವಾಗ ಪುಲ್ಲಿಗೂ ಪೈಪಿನ ಬಾಯಿಗೂ ಸುತ್ತಬೇಡಿ. ಎರಕದ ಬಾಡಿಯಲ್ಲೇ ಇರುವ ತೂತುಗಳಿಗೆ ಬೋಲ್ಟ್ ಹಾಕಿ, ಅದರಿಂದ ಹಿಂದೆ ಮುಂದೆ ಎರಡು ಪಟ್ಟಿ ಎಳೆದುಕೊಳ್ಳಿ. ಒಂದು ಬೆರಳಿನಷ್ಟು ಎತ್ತಿ ನಿಲ್ಲಿಸಿ. ಯಾವ ಕಡೆ ವಾಲುತ್ತದೆ ನೋಡಿ, ಆ ಕಡೆಯ ಪಟ್ಟಿ ಗಿಡ್ಡ ಮಾಡಿ. ಸಮವಾಗಿ ತೂಗಿದ ಮೇಲೆ ಸ್ವಲ್ಪ ಮುಂದಕ್ಕೆ ಎಳೆದು, ಆಮೇಲೆ ಮೇಲೆತ್ತಿ.

ಹೊರಗೆ ಬಂದ ತಕ್ಷಣ ಗಾಳಿಯ ಬಾಯಿಗಳನ್ನೆಲ್ಲ ಮುಚ್ಚಿ, ಎಂಜಿನ್‌ದೂ ಸೂಪರ್‌ಚಾರ್ಜರ್‌ದೂ. ಚಿಂದಿ ತುರುಕಬೇಡಿ, ಒಂದು ಒಳಗೇ ಉಳಿದರೆ ಗೊತ್ತಾಗೋದಿಲ್ಲ. ಉದ್ದದ ಕೆಂಪು ಬಟ್ಟೆಯೊಂದನ್ನು ಮೇಲೆ ಹಾಸಿ ಟೇಪ್ ಹಚ್ಚಿ. ಗೋಡೌನ್‌ನಲ್ಲಿ ಇಲಿ ಇರುತ್ತವೆ, ಅಲ್ವಾ? ಒಳಗೆ ತಿರುಗಿ ಗಾಳಿ ತಳ್ಳುವ ರೋಟರ್‌ಗಳ ನಡುವೆ ಅಂತರ ತೀರ ಕಡಿಮೆ. ಒಂದು ಕಾಳು ಮರಳು ಹೋದರೂ ಕೆರೆದುಬಿಡುತ್ತದೆ.

ನಿಮ್ಮ ಸದ್ದಿನ ಬಗ್ಗೆ ಹೇಳುವುದಾದರೆ, ಈ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಸವೆಯುವುದು ಪುಲ್ಲಿ ಶಾಫ್ಟಿಗೂ ರೋಟರ್ ಗೇರಿಗೂ ನಡುವೆ, ಸೂಪರ್‌ಚಾರ್ಜರ್‌ನ ಮುಂದಿನ ಮೂತಿಯೊಳಗೆ ಕೂತು ಎರಡನ್ನೂ ಜೋಡಿಸುವ ಕಪ್ಲರ್. ಅದೊಂದನ್ನೇ ಬದಲಾಯಿಸಬಹುದು. ಪೂರ್ತಿ ಹೊಸ ಸೂಪರ್‌ಚಾರ್ಜರ್ ಹಾಕಿಸಿ ಅಂತ ಯಾರಾದರೂ ಹೇಳಿದರೆ ಮೊದಲು ಮೂತಿ ಬಿಚ್ಚಿ ನೋಡಿ. ಮೂತಿಯೊಳಗೆ ಅದರದೇ ಎಣ್ಣೆ ಇರುತ್ತದೆ, ಎಂಜಿನ್ ಆಯಿಲ್ ಅಲ್ಲ, ಅದನ್ನೂ ಹೊಸದು ಹಾಕಿ. ಇನ್ನೊಂದು ವಿಷಯ: ಸೂಪರ್‌ಚಾರ್ಜರ್ ಕೆಳಗೆ ಪ್ಲಾಸ್ಟಿಕ್ ಕೂಲೆಂಟ್ ಪೈಪುಗಳಿವೆ. ಬಿಸಿಗೆ ಒಣಗಿ ಬಿರುಕು ಬಿಡುವುದಕ್ಕೆ ಅವು ಹೆಸರುವಾಸಿ. ಇಷ್ಟು ಬಿಚ್ಚಿದ ಮೇಲೆ ಅವನ್ನು ಹಾಗೇ ಬಿಡೋದು ದಡ್ಡತನ. ಪೈಪು, ಗ್ಯಾಸ್ಕೆಟ್ ಎಲ್ಲ ಮೊದಲೇ ತರಿಸಿಟ್ಟುಕೊಳ್ಳಿ.

ನಿಜವಾದ ಕಷ್ಟ ವಾಪಸ್ ಕೂರಿಸುವಾಗ. ಭಾರ ತೂಗುತ್ತಿರುವಾಗ ಗ್ಯಾಸ್ಕೆಟ್ ಜರುಗುತ್ತದೆ, ತೂತಿಗೆ ತೂತು ಸೇರುವುದಿಲ್ಲ. ಅದಕ್ಕೊಂದು ಉಪಾಯ ಇದೆ. ಅದೇ ಥ್ರೆಡ್ಡಿನ ಉದ್ದದ ಎರಡು ಬೋಲ್ಟ್ ತನ್ನಿ. ತಲೆ ಕತ್ತರಿಸಿ, ತುದಿ ಅರದಿಂದ ನುಣುಪು ಮಾಡಿ, ಮೇಲೆ ಹ್ಯಾಕ್ಸಾ ಬ್ಲೇಡಿನಿಂದ ಸ್ಕ್ರೂಡ್ರೈವರ್ ಹಿಡಿಯುವಷ್ಟು ಗೀರು ಹಾಕಿ. ಎದುರುಬದುರು ಮೂಲೆಗಳಲ್ಲಿ ಇವನ್ನು ಕೈಯಲ್ಲೇ ತಿರುಗಿಸಿ ನಿಲ್ಲಿಸಿ, ಗ್ಯಾಸ್ಕೆಟ್ ಅದರ ಮೇಲೆ ಇಳಿಬಿಡಿ. ಈಗ ಚೈನ್ ಬಿಡುತ್ತಾ ಬಂದರೆ ಸೂಪರ್‌ಚಾರ್ಜರ್ ಆ ಎರಡು ಕಡ್ಡಿ ಹಿಡಿದು ತಾನಾಗಿ ಜಾಗಕ್ಕೆ ಬಂದು ಕೂರುತ್ತದೆ. ಉಳಿದ ಬೋಲ್ಟ್‌ಗಳನ್ನು ಬೆರಳಲ್ಲಿ ಹಿಡಿಸಿ, ಆಮೇಲೆ ಕಡ್ಡಿಗಳನ್ನು ಸ್ಕ್ರೂಡ್ರೈವರ್‌ನಿಂದ ತೆಗೆದು ಅಲ್ಲಿಗೂ ಬೋಲ್ಟ್ ಹಾಕಿ. ಎರಡನೆಯ ಆಳಿನ ಕೆಲಸ ಈ ಕಡ್ಡಿಗಳೇ ಮಾಡುತ್ತವೆ.

ಕೂರಿಸುವ ಮುಂಚೆ ಮೇಲ್ಮೈ ಕೆರೆಯಲು ಪ್ಲಾಸ್ಟಿಕ್ ಪಟ್ಟಿ ಸಾಕು, ಚಾಕು ಬೇಡ. ಬಿಗಿ ಮಾಡುವಾಗ ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚ್ ಹಿಡಿದೇ ಮಾಡಿ. ಎಷ್ಟು ಬಿಗಿ ಅನ್ನುವ ಅಳತೆ ನಿಮ್ಮ ಗಾಡಿಯ ವರ್ಷದ ವರ್ಕ್‌ಶಾಪ್ ಮ್ಯಾನುಯಲ್‌ನಿಂದಲೇ ತೆಗೆದುಕೊಳ್ಳಿ, ಯೂಟ್ಯೂಬ್ ಮಾತು ನಂಬಬೇಡಿ.

ಕೂಲೆಂಟ್ ತುಂಬಿ ಗಾಳಿ ಪೂರ್ತಿ ತೆಗೆಯಿರಿ. ಒತ್ತಿದ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್‌ನ ನೀರಿನ ಸುತ್ತು ಬೇರೆಯೇ ಇದೆ, ಅದರ ಗಾಳಿಯನ್ನೂ ತೆಗೆಯಬೇಕು. ಮೊದಲ ಸಲ ಓಡಿಸುವಾಗ ತಿತಿಮತಿ ಕಾಡಿನ ರಸ್ತೆಗೆ ಹೋಗಬೇಡಿ. ಬಿಸಿ ಏರಿ ಗಾಡಿ ಅಲ್ಲಿ ನಿಂತರೆ ಬಾನೆಟ್ ಎತ್ತುವುದಕ್ಕೂ ಆನೆಗಳು ಬಿಡೋದಿಲ್ಲ. ಊರೊಳಗೆ ಸುತ್ತಾಡಿ, ಮನೆಗೆ ಬಂದು ತಣ್ಣಗಾದ ಮೇಲೆ ಕೂಲೆಂಟ್ ಮಟ್ಟ ಮತ್ತೆ ನೋಡಿ.